ಬಲ ಸಾಲದ ಕಾರುಗಳು

ಹಳೆಯ ಅಂಬಾಸಿಡರ್ ಕಾರಿನಲ್ಲಿ ಕೂತು ಬೀಗರ ಊರಿಗೆ ಹೋಗಿ ಬಂದ ನೆನಪು ನಿಮ್ಮಲ್ಲಿ ಹಲವರಿಗೆ ಇದ್ದೀತು. ಹಿಂದಿನ ಸೀಟಿನಲ್ಲಿ ಐವರು, ಮುಂದೆ ಡ್ರೈವರನೂ ಸೇರಿ ಮೂವರು, ಡಿಕ್ಕಿಯಲ್ಲಿ ಬುತ್ತಿಯ ಗಂಟು, ಹಾಸಿಗೆಯ ಸುರುಳಿ. ಸಪಾಟು ರಸ್ತೆಯಲ್ಲಿ ಗಾಡಿ ಗಂಭೀರವಾಗಿಯೇ ಓಡುವುದು. ಏರು ಬಂದೊಡನೆ ಅದರ ಉಸಿರು ಬದಲಾಗುವುದು. ಡ್ರೈವರನು ಸ್ಟೀರಿಂಗಿನ ಬದಿಯ ಗೇರಿನ ಕೋಲನ್ನು ಎಳೆದು ಕೆಳಗಿನ ಗೇರಿಗೆ ತರುವನು. ಹಿಂದಿನ ಲಾರಿ ಹಾರ್ನು ಹೊಡೆಯುವುದು. "ಈ ಗಾಡಿಗೆ ಬಲವೇ ಇಲ್ಲ" ಎಂದು ಒಳಗೆ ಕೂತವರಲ್ಲಿ ಒಬ್ಬರಾದರೂ ಹೇಳದೆ ಇರುತ್ತಿರಲಿಲ್ಲ.

ಬಲವಿಲ್ಲವೆಂದ ಮೇಲೆ ಬಲವನ್ನು ತುಂಬಬೇಕಲ್ಲವೆ? ಹೀಗೆಂದುಕೊಂಡು ನಮ್ಮ ನಾಡಿನ ಎಷ್ಟೋ ಮನೆಗಳವರು ತಮ್ಮ ಕಾರಿನ ಎಂಜಿನ್ನನ್ನೇ ಬದಲಿಸಿದರು. ನಮ್ಮ ಮನೆತನದಲ್ಲಿ ಈ ಕೆಲಸ ಎರಡು ಸಲ ನಡೆಯಿತು. ನಾನು ಪ್ರೌಢಶಾಲೆಯಲ್ಲಿ ಕನ್ನಡ ವ್ಯಾಕರಣ ಹೇಳಿಕೊಂಡು ಬಂದವನು. ಯಂತ್ರಶಾಸ್ತ್ರ ನನ್ನ ಕಸಬಲ್ಲ. ಆದರೆ ಆ ಎರಡು ಕಾರುಗಳು ಕಲಿಸಿದ ಪಾಠವನ್ನು ಯಾವ ಪುಸ್ತಕವೂ ನನಗೆ ಅಷ್ಟು ಚೆನ್ನಾಗಿ ಕಲಿಸಲಿಲ್ಲ. ಅದನ್ನು ನಿಮ್ಮ ಮುಂದಿಡುವುದು ಈ ಲೇಖನದ ಉದ್ದೇಶ.

ಮೊದಲನೆಯದು ಅಮೆರಿಕದ ಗಾಡಿ. ಕಮಲಾಪುರದ ನಮ್ಮ ದೊಡ್ಡಪ್ಪನ ಬಳಿ ೧೯೫೧ರ ಮಾದರಿಯ ಒಂದು ಡಾಜ್ ಕಾರು ಇದ್ದಿತು. ಕಮಲಾಪುರವೆಂದರೆ ಕೆಂಪು ಬಾಳೆಹಣ್ಣಿನ ಊರು. ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ದಾರಿಯಲ್ಲಿ ೪೦ ಕಿಲೋಮೀಟರಿಗೆ ತುಸು ಈಚೆಗೆ ಸಿಕ್ಕುತ್ತದೆ. ದೊಡ್ಡಪ್ಪನಿಗೆ ಬಾಳೆಯ ತೋಟವೂ ಇದ್ದಿತು, ಹೈದರಾಬಾದಿನೊಡನೆ ಹಣ್ಣಿನ ವ್ಯಾಪಾರವೂ ಇದ್ದಿತು. ೧೯೫೬ರವರೆಗೆ ನಮ್ಮ ಜಿಲ್ಲೆ ಹೈದರಾಬಾದ್ ರಾಜ್ಯಕ್ಕೇ ಸೇರಿದ್ದುದರಿಂದ ಆ ಪಟ್ಟಣದೊಡನೆ ಬಳಕೆ ಹೆಚ್ಚು. ಅಲ್ಲಿಯೇ ಅವನು ಈ ಕಾರನ್ನು ಎರಡನೆಯ ಕೈಯಲ್ಲಿ ಕೊಂಡು ತಂದನು.

ಅಮೆರಿಕದ ಕಾರು ಕಮಲಾಪುರದ ಕಡೆ ಹೇಗೆ ಬಂದಿತೆಂದು ನೀವು ಕೇಳಬಹುದು. ಆ ಕಾಲದಲ್ಲಿ ಅದು ಅಪರೂಪದ ಸಂಗತಿಯೇನಲ್ಲ. ಜನರಲ್ ಮೋಟಾರ್ಸ್ ಕಂಪನಿಯು ೧೯೨೮ರಿಂದಲೇ ಮುಂಬಯಿಯಲ್ಲಿ ಷೆವ್ರೊಲೆ ಮೊದಲಾದ ಗಾಡಿಗಳನ್ನು ಜೋಡಿಸುತ್ತಿದ್ದಿತು. ಫೋರ್ಡ್ ಕಂಪನಿಯೂ ಜೋಡಿಸುತ್ತಿದ್ದಿತು. ವಾಲ್‌ಚಂದ್ ಹೀರಾಚಂದರು ೧೯೪೪ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೋಮೊಬೈಲ್ಸ್ ಸಂಸ್ಥೆಯು ಅಮೆರಿಕದ ಕ್ರೈಸ್ಲರ್ ಕಂಪನಿಯ ಸಹಾಯದಿಂದ ಕುರ್ಲಾದ ಕಾರ್ಖಾನೆಯಲ್ಲಿ ಡಾಜ್, ಪ್ಲಿಮತ್ ಕಾರುಗಳನ್ನು ಸಿದ್ಧಪಡಿಸಿತು. ೧೯೫೩ರಲ್ಲಿ ಸರಕಾರವು, ಇಲ್ಲಿಯೇ ಭಾಗಗಳನ್ನು ತಯಾರಿಸುವ ಯೋಜನೆಯಿಲ್ಲದೆ ಬರಿದೆ ಜೋಡಿಸುವ ಕಂಪನಿಗಳಿಗೆ ಅವಕಾಶವಿಲ್ಲವೆಂಬ ಧೋರಣೆಯನ್ನು ತಳೆಯಿತು. ಜನರಲ್ ಮೋಟಾರ್ಸ್, ಫೋರ್ಡ್‌ಗಳು ಬಾಗಿಲು ಹಾಕಿದವು. ಆದರೆ ಅವರು ಮಾರಿ ಹೋದ ಗಾಡಿಗಳು ಇಲ್ಲಿಯೇ ಉಳಿದು, ಮೂವತ್ತು ವರ್ಷಗಳವರೆಗೂ ದುಡಿದವು.

ದೊಡ್ಡಪ್ಪನ ಡಾಜ್ ಕಾರಿನಲ್ಲಿ ಆರು ಸಿಲಿಂಡರಿನ, ಸುಮಾರು ೩.೬ ಲೀಟರಿನ ಎಂಜಿನ್ನು. ಕಂಪನಿಯ ಲೆಕ್ಕದಲ್ಲಿ ಅದರ ಬಲ ೯೭ ಅಶ್ವಶಕ್ತಿ. ಅಶ್ವಶಕ್ತಿ ಎಂದರೇನು? ೭೫ ಕಿಲೋಗ್ರಾಂ ತೂಕವನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರು ಎತ್ತುವ ಸಾಮರ್ಥ್ಯಕ್ಕೆ ಸರಿಸುಮಾರು ಒಂದು ಅಶ್ವಶಕ್ತಿ ಎನ್ನುತ್ತಾರೆ. ಹಾಗಾದರೆ ತೊಂಬತ್ತೇಳು ಸಣ್ಣ ಬಲವಲ್ಲ. ಆದರೆ ಇಲ್ಲಿ ಒಂದು ಗುಟ್ಟುಂಟು. ೧೯೭೨ರ ಸುಮಾರಿನವರೆಗೆ ಅಮೆರಿಕದ ಕಂಪನಿಗಳು ಎಂಜಿನ್ನನ್ನು ಗಾಡಿಯಿಂದ ಹೊರಗಿಟ್ಟು, ಫ್ಯಾನು, ಡೈನಮೊ, ಸೈಲೆನ್ಸರುಗಳ ಹೊರೆಯಿಲ್ಲದೆ ಅಳೆದು ಅಂಕಿ ಕೊಡುತ್ತಿದ್ದವು. ಆಮೇಲೆ ಇವೆಲ್ಲವನ್ನೂ ಹೊತ್ತ ಎಂಜಿನ್ನನ್ನು ಅಳೆಯುವ ಪದ್ಧತಿ ಬಂದಿತು. ಅದೇ ಎಂಜಿನ್ನಿನ ಅಂಕಿ ಒಮ್ಮೆಲೇ ಇಳಿಯಿತು. ಕಾಗದದ ಬಲ ಬೇರೆ, ಚಕ್ರಕ್ಕೆ ಮುಟ್ಟುವ ಬಲ ಬೇರೆ.

ಇರಲಿ. ಡಾಜ್ ಕಾರಿಗೆ ಬಲದ ಕೊರತೆ ಇರಲಿಲ್ಲ. ಅದಕ್ಕೆ ಪೆಟ್ರೋಲಿನ ಹಸಿವು ಹೆಚ್ಚು. ೧೯೭೩ರಲ್ಲಿ ಅರಬ್ ದೇಶಗಳ ಎಣ್ಣೆಯ ಬಿಕ್ಕಟ್ಟು ಬಂದು ಪೆಟ್ರೋಲು ತುಟ್ಟಿಯಾದಾಗ ಆ ಹಸಿವನ್ನು ತೀರಿಸುವುದು ದೊಡ್ಡಪ್ಪನಿಂದಾಗಲಿಲ್ಲ. ಆಗ ದೇಶದಲ್ಲೆಲ್ಲ ದೊಡ್ಡ ಅಮೆರಿಕನ್ ಕಾರುಗಳಿಗೆ ಪರ್ಕಿನ್ಸ್ ಡೀಸೆಲ್ ಎಂಜಿನ್ನು ಕೂರಿಸುವುದು ರೂಢಿಯಾಗಿದ್ದಿತು. ೧೯೭೪ರಲ್ಲಿ ದೊಡ್ಡಪ್ಪನೂ ನಾಲ್ಕು ಸಿಲಿಂಡರಿನ ಅಂಥದೊಂದು ಎಂಜಿನ್ನನ್ನು ಕೂರಿಸಿದನು. ಅದರ ಬಲ ಹಳೆಯದರ ಅರ್ಧಕ್ಕೆ ತುಸು ಆಚೆ ಈಚೆ. ನಾನು ಬುದ್ಧಿ ಬಂದ ಮೇಲೆ ಕಂಡದ್ದು ಈ ಡೀಸೆಲ್ ಡಾಜನ್ನೇ. ಊರಿನ ಹೊರಗೆ ಬರುತ್ತಿರುವಾಗಲೇ ಅದರ ಸದ್ದು ಮನೆಗೆ ಕೇಳುತ್ತಿತ್ತು. ಅಜ್ಜಿ ಚಹಕ್ಕೆ ನೀರಿಡುತ್ತಿದ್ದಳು.

ಆ ಗಾಡಿ ಗಂಟೆಗೆ ಎಪ್ಪತ್ತು ಕಿಲೋಮೀಟರನ್ನು ದಾಟುತ್ತಿರಲಿಲ್ಲ. ಇದಕ್ಕೆ ಕಾರಣ ಬಲ ಕಡಮೆಯಾದದ್ದು ಮಾತ್ರವಲ್ಲ. ಹಳೆಯ ಪೆಟ್ರೋಲ್ ಎಂಜಿನ್ನು ನಿಮಿಷಕ್ಕೆ ೩,೬೦೦ ಸುತ್ತು ತಿರುಗುವಾಗ ತನ್ನ ಪೂರ್ಣ ಬಲವನ್ನು ಕೊಡುತ್ತಿತ್ತು. ಹೊಸ ಡೀಸೆಲ್ ಎಂಜಿನ್ನು ಎರಡು ಸಾವಿರದ ಮೇಲೆ ಕೆಲವು ನೂರು ಸುತ್ತಿಗೇ ನಿಂತುಬಿಡುವಂಥದು. ಹಿಂದಿನ ಆಕ್ಸಲಿನ ಹಲ್ಲುಗಳು ಮಾತ್ರ ಹಳೆಯ ಎಂಜಿನ್ನಿನ ಲೆಕ್ಕಕ್ಕೆ ಕೂರಿಸಿದವು. ಎಂಜಿನ್ನು ನಿಧಾನವಾಗಿ ತಿರುಗಿದರೆ ಚಕ್ರವೂ ನಿಧಾನವಾಗಿಯೇ ತಿರುಗಬೇಕಷ್ಟೆ. ದೊಡ್ಡಪ್ಪನು ಎಂಜಿನ್ನನ್ನು ಬದಲಿಸಿದ್ದನು. ಅದಕ್ಕೆ ತಕ್ಕ ಹಲ್ಲನ್ನು ಬದಲಿಸಿರಲಿಲ್ಲ. ಅವನು ಅದರ ಚಿಂತೆ ಮಾಡಿದವನೂ ಅಲ್ಲ. "ಬಾಳಿಹಣ್ಣಿಗಿ ಎಲ್ಲಿ ಓಡಿ ಹೋಗೂದದ?" ಎನ್ನುತ್ತಿದ್ದನು. ೧೯೮೩ರಲ್ಲಿ ಡಾಜು ಗುಜರಿಗೆ ಹೋಯಿತು.

ಇದೇ ಕಾಲದಲ್ಲಿ ಅಮೆರಿಕದವರು ತಮ್ಮ ಮನೆಯ ಕಾರುಗಳನ್ನು ತಿದ್ದುತ್ತಿರಲಿಲ್ಲವೆ? ತಿದ್ದುತ್ತಿದ್ದರು. ಆದರೆ ಅವರ ಗುರಿ ಬೇರೆ. ೧೯೬೦ರ ಮಾದರಿಯಾಗಿ ಬಂದ ಫೋರ್ಡ್ ಫಾಲ್ಕನ್ ಎಂಬ ಸಂಸಾರಿಗರ ಕಾರಿಗೆ ಸುಮಾರು ೨.೪ ಲೀಟರಿನ ಎಂಜಿನ್ನು. ಕಂಪನಿಯ ಲೆಕ್ಕದಲ್ಲಿ ೯೦ ಅಶ್ವಶಕ್ತಿ. ಅಲ್ಲಿಯ ಅಗಲವಾದ ಹೆದ್ದಾರಿಗಳಲ್ಲಿ ಅದು ಬಡಗಾಡಿ ಎನಿಸಿಕೊಂಡಿತು. ಹುಡುಗರು ಇಂಥ ಗಾಡಿಗಳ ಸಿಲಿಂಡರ್ ಹೆಡ್ಡನ್ನು ಸವೆಯಿಸಿ ಒತ್ತಡ ಹೆಚ್ಚಿಸುವರು, ಒಂದು ಕಾರ್ಬ್ಯುರೇಟರಿದ್ದ ಕಡೆ ಎರಡನ್ನು ಕೂರಿಸುವರು, ಅದೂ ಸಾಲದಾದರೆ ದೊಡ್ಡ ಎಂಜಿನ್ನನ್ನೇ ತಂದು ಹಾಕುವರು. ಅವರಿಗೆ ಬೇಕಾದದ್ದು ವೇಗ. ನಮಗೆ ಬೇಕಾದದ್ದು ಲೀಟರಿಗೆ ನಾಲ್ಕು ಕಿಲೋಮೀಟರು ಹೆಚ್ಚು. ಕೈಕೆಲಸ ಮಾತ್ರ ಒಂದೇ ಬಗೆಯದು.

ಇನ್ನು ಎರಡನೆಯ ಕಾರಿನ ವಿಷಯ. ಕಲಬುರಗಿಯಲ್ಲಿ ನಮ್ಮ ಅಪ್ಪನದು ಕಿರಾಣಿ ಅಂಗಡಿ. ಅವನು ೧೯೮೪ರಲ್ಲಿ ಒಂದು ಹಳೆಯ ಅಂಬಾಸಿಡರ್ ಕಾರನ್ನು ಕೊಂಡನು. ಅಂಬಾಸಿಡರ್ ಮೂಲದಲ್ಲಿ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್. ಹಿಂದುಸ್ತಾನ್ ಮೋಟಾರ್ಸ್ ಸಂಸ್ಥೆಯು ಅದನ್ನು ೧೯೫೦ರ ದಶಕದ ಕೊನೆಯಿಂದ ಬಂಗಾಳದ ಉತ್ತರಪಾಡಾದಲ್ಲಿ ತಯಾರಿಸತೊಡಗಿ, ೨೦೧೪ರ ಮೇ ತಿಂಗಳಲ್ಲಿ ನಿಲ್ಲಿಸಿತು. ಒಂದೂವರೆ ಲೀಟರಿನ ಪೆಟ್ರೋಲ್ ಎಂಜಿನ್ನು. ಐವತ್ತು, ಐವತ್ತೈದು ಅಶ್ವಶಕ್ತಿ. ಗಾಡಿಯ ತೂಕವೇ ಒಂದು ಟನ್ನಿಗೆ ಮೇಲೆ. ಜನ, ಸಾಮಾನು ಸೇರಿದರೆ ಒಂದೂವರೆ ಟನ್ನು.

ಒಂದು ಸಣ್ಣ ಲೆಕ್ಕ ಮಾಡೋಣ. ಇಪ್ಪತ್ತು ಮೀಟರು ಹೋದರೆ ಒಂದು ಮೀಟರು ಏರುವ ದಾರಿಯಲ್ಲಿ ಒಂದೂವರೆ ಟನ್ನಿನ ಗಾಡಿ ಗಂಟೆಗೆ ೪೦ ಕಿಲೋಮೀಟರಿನಂತೆ ಏರಬೇಕಾದರೆ, ಏರುವುದಕ್ಕೇ ಸುಮಾರು ೧೧ ಅಶ್ವಶಕ್ತಿ ಬೇಕು. ಟೈರಿನ ಉಜ್ಜಾಟಕ್ಕೂ ಗಾಳಿಯ ತಡೆಗೂ ಇನ್ನು ನಾಲ್ಕೈದು. ಅಂದರೆ ಹದಿನಾರರ ಆಸುಪಾಸು. ಅಂಬಾಸಿಡರಿಗೆ ಅಷ್ಟು ಬಲ ಧಾರಾಳವಾಗಿ ಉಂಟು. ನಿಧಾನವಾಗಿ ಹೋಗಲು ಒಪ್ಪಿದವನಿಗೆ ಆ ಕಾರು ಎಂದೂ ಬಲಹೀನವಲ್ಲ. ಅವಸರ ಮಾಡುವವನಿಗೆ ಮಾತ್ರ ಬಲಹೀನ.

ಈ ಮಾತು ನನಗೆ ಇಂದು ತಿಳಿದಿದೆ. ೧೯೮೯ರ ಮೇ ತಿಂಗಳಲ್ಲಿ ತಿಳಿದಿರಲಿಲ್ಲ. ಕಮಲಾಪುರದಲ್ಲಿದ್ದ ಅಜ್ಜಿಗೆ ಒಂದು ಮಧ್ಯಾಹ್ನ ಉಸಿರಾಟಕ್ಕೆ ತೊಂದರೆಯಾಯಿತು. ಅಪ್ಪನೂ ನಾನೂ ಕಾರು ತೆಗೆದುಕೊಂಡು ಹೋಗಿ, ಅವಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ ಕಲಬುರಗಿಯ ದವಾಖಾನೆಗೆ ಹೊರಟೆವು. ನಮ್ಮ ಕಡೆಯ ಮೇ ತಿಂಗಳು ನಿಮಗೆ ಗೊತ್ತು; ನಲವತ್ತೆರಡು, ನಲವತ್ಮೂರು ಡಿಗ್ರಿ ಅಪರೂಪವಲ್ಲ. ನಡುದಾರಿಯಲ್ಲಿ ಗಾಡಿ ಕೆಮ್ಮಿತು, ಜಗ್ಗಾಡಿತು, ನಿಂತಿತು. ಬೇವಿನ ಮರದ ನೆರಳಿಗೆ ತಳ್ಳಿ, ಬಾನೆಟ್ಟು ತೆರೆದು, ಅಜ್ಜಿಗೆಂದು ತಂದಿದ್ದ ನೀರಿನಲ್ಲಿ ಟವಲನ್ನು ತೋಯಿಸಿ ಪೆಟ್ರೋಲ್ ಪಂಪಿಗೆ ಸುತ್ತಿದೆವು. ನಲವತ್ತು ನಿಮಿಷ ಅಲ್ಲಿಯೇ ಕಳೆದೆವು. ಅಜ್ಜಿ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ, "ನನಗೇನೂ ಆಗಿಲ್ಲ ತಮ್ಮಾ, ಗಾಡಿ ನೋಡ್ಕೊ" ಎನ್ನುತ್ತಿದ್ದಳು. ಆ ಸಲ ಅವಳು ಉಳಿದಳು. ಆದರೆ "ಇನ್ನೊಂದು ತಾಸು ತಡವಾಗಿದ್ದರೆ" ಎಂದು ಡಾಕ್ಟರು ಹೇಳಿದ ಮಾತು ಅಪ್ಪನ ಎದೆಯಲ್ಲಿ ಕೂತುಬಿಟ್ಟಿತು. ಬಲವಿಲ್ಲದ ಈ ಎಂಜಿನ್ನು ಬೇಡವೆಂದು ಅವನು ಅಂದೇ ನಿಶ್ಚಯಿಸಿದನು.

ಈಗ ಯೋಚಿಸಿ ನೋಡಿ. ಅಂದು ಗಾಡಿ ನಿಂತದ್ದು ಬಲ ಸಾಲದೆ ಅಲ್ಲ. ಬಿಸಿಯಾದ ಎಂಜಿನ್ನಿನ ಪಕ್ಕದಲ್ಲಿದ್ದ ಪಂಪಿನಲ್ಲಿ, ನಳಿಗೆಯಲ್ಲಿ ಪೆಟ್ರೋಲು ಕಾದು ಆವಿಯಾಗಿತ್ತು. ಪಂಪು ದ್ರವವನ್ನು ತಳ್ಳಬಲ್ಲುದೇ ಹೊರತು ಆವಿಯನ್ನು ಸರಿಯಾಗಿ ತಳ್ಳಲಾರದು. ಹಸಿಬಟ್ಟೆ ಸುತ್ತಿದರೆ ಆವಿ ತಣಿದು ಮತ್ತೆ ದ್ರವವಾಗುವುದು, ಗಾಡಿ ಹೊರಡುವುದು. ಬೇಸಗೆಯಲ್ಲಿ ಗಾಳಿಯೂ ತೆಳುವಾಗುತ್ತದೆ. ಇಪ್ಪತ್ತು ಡಿಗ್ರಿಯ ಗಾಳಿಗಿಂತ ನಲವತ್ಮೂರು ಡಿಗ್ರಿಯ ಗಾಳಿ ನೂರಕ್ಕೆ ಏಳರಷ್ಟು ಹಗುರ. ಎಂಜಿನ್ನಿಗೆ ಅಷ್ಟು ಉಸಿರು ಕಡಮೆ. ಆದರೆ ಗಾಡಿ ನಿಂತದ್ದಕ್ಕೆ ಮುಖ್ಯ ಕಾರಣ ಆವಿಯೇ. ನಳಿಗೆಯನ್ನು ಎಂಜಿನ್ನಿನಿಂದ ದೂರ ಸರಿಸಿ, ನಡುವೆ ಒಂದು ತಗಡಿನ ಮರೆ ಕಟ್ಟಿದ್ದರೆ ಬಹುಶಃ ಅಷ್ಟೇ ಸಾಕಾಗುತ್ತಿತ್ತು. ಕಾಯಿಲೆ ಒಂದು, ನಾವು ಆರಿಸಿಕೊಂಡ ಮದ್ದು ಇನ್ನೊಂದು.

೧೯೯೩ರಲ್ಲಿ ಅಪ್ಪನು ಮಟಡೋರ್ ಗಾಡಿಯ ಡೀಸೆಲ್ ಎಂಜಿನ್ನೊಂದನ್ನು ಕೊಂಡನು. ಬಜಾಜ್ ಟೆಂಪೋ ಕಂಪನಿಯು ಮರ್ಸಿಡಿಸ್ ಕಂಪನಿಯ ಪರವಾನಿಗೆಯಿಂದ ತಯಾರಿಸುತ್ತಿದ್ದ ೨.೪ ಲೀಟರಿನ ಎಂಜಿನ್ನು ಅದು. ೬೫ರ ಆಸುಪಾಸು ಅಶ್ವಶಕ್ತಿ. ಆಗ ಡೀಸೆಲ್ಲಿನ ಬೆಲೆ ಪೆಟ್ರೋಲಿನ ಅರ್ಧದ ಸುತ್ತಮುತ್ತ ಇದ್ದುದರಿಂದ ಅಂಬಾಸಿಡರಿಗೆ ಮಟಡೋರ್ ಎಂಜಿನ್ನು ಕೂರಿಸುವುದು ಹಲವು ಊರುಗಳಲ್ಲಿ ನಡೆದಿತ್ತು. ಗ್ಯಾರೇಜಿನ ಮಿಸ್ತ್ರಿಗಳು ಹಳಬರು, ಅನುಭವಿಗಳು. ಅವರು ಅಪ್ಪನಿಗೆ ಹೇಳಿದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ.

"ಸಾವ್ಕಾರ್ರೆ, ಎಂಜಿನ್ ಕುಂದರಸ್ತೀನಿ. ಆದ್ರ ಮುಂದಿಂದು ಭಾರ ಆಗ್ತದ, ಗಾಡಿ ಜೋರ್ ಭೀ ಓಡ್ತದ. ಬ್ರೇಕಿಂದು ಕೆಲಸ ಸಂಗಾಟನೇ ಮಾಡಸ್ರಿ."

"ಮೊದಲ ಇದು ಆಗ್ಲಿ. ಬ್ರೇಕಿಂದು ಮುಂದ ನೋಡಮಿ" ಎಂದನು ಅಪ್ಪ.

ದುಡ್ಡೆಲ್ಲ ಎಂಜಿನ್ನಿಗೇ ಮುಗಿದಿತ್ತು. ಬದಲಾವಣೆಯನ್ನು ಆರ್.ಟಿ.ಒ. ಕಚೇರಿಯಲ್ಲಿ ಪುಸ್ತಕಕ್ಕೆ ಏರಿಸಿದ್ದಾಯಿತು. ಬ್ರೇಕು ಮಾತ್ರ ಹಾಗೆಯೇ ಉಳಿಯಿತು.

ಕಾರು ನಿಜವಾಗಿಯೂ ಹೊಸದಾಯಿತು. ಡೀಸೆಲ್ಲು ಪೆಟ್ರೋಲಿನಂತೆ ಬೇಗ ಆವಿಯಾಗದು. ಮೇ ತಿಂಗಳಿನಲ್ಲಿ ಹಸಿ ಟವಲಿನ ಕೆಲಸ ತಪ್ಪಿತು. ಏರಿನಲ್ಲಿ ಟಾಪ್ ಗೇರಿನಲ್ಲೇ ಹೋಗುವುದು. ಸ್ಪಾರ್ಕ್ ಪ್ಲಗ್ಗು ಇಲ್ಲದ್ದರಿಂದ ಕಾರಿನ ರೇಡಿಯೋದಲ್ಲಿ ಮೊದಲಿದ್ದ ಚಟಪಟ ಸದ್ದು ಹೋಯಿತು. ಆದರೆ ಎಂಜಿನ್ನಿನ ಗದ್ದಲದಲ್ಲಿ ರೇಡಿಯೋವೇ ಕೇಳಿಸದಾಯಿತು.

೧೯೯೫ರ ಜನವರಿಯಲ್ಲಿ ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಗೆ ಹೋಗಿ ಸಂಜೆ ಮರಳಿ ಬರುತ್ತಿದ್ದೆವು. ಅಪ್ಪ, ಅವ್ವ, ತಂಗಿ, ದೊಡ್ಡಪ್ಪನ ಮನೆಯವರು ಮತ್ತು ನಾನು, ಹೀಗೆ ಏಳು ಮಂದಿ. ಹುಮನಾಬಾದು ಕಲಬುರಗಿಗಿಂತ ೧೫೦ ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಬರುವಾಗ ಇಳಿಜಾರೇ ಹೆಚ್ಚು. ಹಳೆಯ ಎಂಜಿನ್ನಿದ್ದಾಗ ಅಪ್ಪ ಅಲ್ಲಿ ಮೂರನೆಯ ಗೇರಿನಲ್ಲಿ ನಲವತ್ತರಂತೆ ಇಳಿಯುತ್ತಿದ್ದನು. ಅಂದು ಟಾಪ್ ಗೇರಿನಲ್ಲಿ ಅರವತ್ತರ ಮೇಲೆ ಇಳಿದನು. ವೇಗ ಹೆಚ್ಚಾದಾಗಲೆಲ್ಲ ಬ್ರೇಕು ಒತ್ತಿದನು. ಸುಟ್ಟ ವಾಸನೆ ಬಂದುದು ನನಗೆ ನೆನಪಿದೆ. ತಿರುವಿನ ಆಚೆ ಕಬ್ಬು ತುಂಬಿದ ಎತ್ತಿನ ಗಾಡಿ. ಅದರ ಮೇಲೆ ಇಬ್ಬರು ಮಕ್ಕಳು. ಅಪ್ಪ ಎರಡೂ ಕಾಲಿನಿಂದ ಒತ್ತಿದರೂ ಕಾರು ನಿಲ್ಲಲಿಲ್ಲ. ಅವನು ಸ್ಟೀರಿಂಗನ್ನು ಎಡಕ್ಕೆ ಎಳೆದು ಕಾರನ್ನು ಹೊಲಕ್ಕೆ ಇಳಿಸಿದನು. ಬದುವಿಗೆ ಬಡಿದು ಕಾರು ವಾಲಿ ನಿಂತಿತು. ತಂಗಿಯ ಬಲಗೈ ಮುಂಗೈ ಬಳಿ ಮುರಿಯಿತು. ಅವ್ವನ ಹಣೆಗೆ ಪೆಟ್ಟಾಯಿತು. ಗಾಡಿಯವನೇ ಇಳಿದು ಬಂದು ನಮ್ಮನ್ನು ಒಬ್ಬೊಬ್ಬರನ್ನಾಗಿ ಹೊರಗೆಳೆದನು. ಅವನ ಮಕ್ಕಳು ಗಾಡಿಯ ಮೇಲೆ ಕೂತು ನೋಡುತ್ತಿದ್ದರು.

ಮರುದಿನ ಮಿಸ್ತ್ರಿಗಳು ಬಂದು ನೋಡಿದರೆ ಬ್ರೇಕಿನಲ್ಲಿ ಏನೂ ಮುರಿದಿರಲಿಲ್ಲ! ಒತ್ತಿದರೆ ಹಿಡಿಯುತ್ತಿತ್ತು. ಇದು ಹೇಗೆ? ಬ್ರೇಕು ಮಾಡುವ ಕೆಲಸ ಗಾಡಿಯ ಚಲನೆಯನ್ನು ಶಾಖವಾಗಿ ಮಾರ್ಪಡಿಸುವುದು. ಒಂದೂವರೆ ಟನ್ನಿನ ಕಾರು ನೂರು ಮೀಟರು ಕೆಳಗಿಳಿಯುವಾಗ ಅದರ ಶಕ್ತಿಯೆಲ್ಲ ಬ್ರೇಕಿಗೇ ಹೋದರೆ, ಆ ಶಾಖದಿಂದ ನಾಲ್ಕು ಲೀಟರು ತಣ್ಣೀರನ್ನು ಕುದಿಸಬಹುದು. ಅಂಬಾಸಿಡರಿನ ಬ್ರೇಕುಗಳು ಡ್ರಮ್ಮಿನೊಳಗೆ ಮುಚ್ಚಿಟ್ಟಂಥವು. ಶಾಖ ಬೇಗ ಹೊರಗೆ ಹೋಗದು. ಡ್ರಮ್ಮು ಕಾದು ಹಿಗ್ಗುತ್ತದೆ, ಲೈನಿಂಗು ತನ್ನ ಹಿಡಿತವನ್ನು ಕಳೆದುಕೊಳ್ಳುತ್ತದೆ. ತಣಿದ ಮೇಲೆ ಏನೂ ಆಗಿಲ್ಲವೆಂಬಂತೆ ಮತ್ತೆ ಹಿಡಿಯುತ್ತದೆ. ಇದರ ಮೇಲೆ ವೇಗದ ಲೆಕ್ಕವೂ ಉಂಟು. ನಲವತ್ತರಿಂದ ಅರವತ್ತಕ್ಕೆ ಏರಿದರೆ ವೇಗ ಒಂದೂವರೆ ಪಟ್ಟು. ನಿಲ್ಲಿಸಲು ತಡೆಯಬೇಕಾದ ಶಕ್ತಿ ಎರಡೂಕಾಲು ಪಟ್ಟು. ಹಳೆಯ ಎಂಜಿನ್ನು ತನ್ನ ದೌರ್ಬಲ್ಯದಿಂದಲೇ ಹಳೆಯ ಬ್ರೇಕನ್ನು ಕಾಪಾಡಿಕೊಂಡು ಬಂದಿತ್ತು. ನಾವು ಆ ಕಾವಲನ್ನು ತೆಗೆದುಹಾಕಿದ್ದೆವು.

ನಾನು ತರಗತಿಯಲ್ಲಿ ಸಂಧಿಪ್ರಕರಣವನ್ನು ಹೇಳುವಾಗ ಈ ಕಾರು ನೆನಪಿಗೆ ಬರುವುದುಂಟು. ಕನ್ನಡದಲ್ಲಿ ಸಂಧಿ ಮೂರು ಬಗೆ: ಇದ್ದ ಅಕ್ಷರ ಬಿಟ್ಟುಹೋದರೆ ಲೋಪ, ಇಲ್ಲದ್ದು ಬಂದು ಸೇರಿದರೆ ಆಗಮ, ಒಂದರ ಜಾಗದಲ್ಲಿ ಇನ್ನೊಂದು ಬಂದರೆ ಆದೇಶ. ಕಾರು ತಿದ್ದುವವರ ಕೆಲಸವೂ ಈ ಮೂರೇ. ಎಂಜಿನ್ನು ಕಾಯುವುದೆಂದು ಥರ್ಮೋಸ್ಟಾಟನ್ನು ಕಿತ್ತೆಸೆಯುವುದು ಲೋಪ. ಹಿಂದೆ ಒಂದು ಪಾಟಾ ಹೆಚ್ಚಿಗೆ ಸೇರಿಸುವುದು ಆಗಮ. ಪೆಟ್ರೋಲ್ ಎಂಜಿನ್ನಿನ ಜಾಗದಲ್ಲಿ ಡೀಸೆಲ್ಲನ್ನು ಕೂರಿಸುವುದು ಆದೇಶ. ಆದರೆ ವ್ಯಾಕರಣವು ಇನ್ನೊಂದು ಮಾತನ್ನೂ ಹೇಳುತ್ತದೆ. ಕೆಲವು ಕಡೆ ಸಂಧಿ ಮಾಡಬಾರದು. ಪದಗಳನ್ನು ಇದ್ದಂತೆಯೇ ಬಿಡಬೇಕು. ಅದಕ್ಕೆ ಪ್ರಕೃತಿಭಾವ ಎಂದು ಹೆಸರು. ಮಕ್ಕಳು ಪರೀಕ್ಷೆಯಲ್ಲಿ ಮರೆಯುವುದು ಸಾಮಾನ್ಯವಾಗಿ ಇದನ್ನೇ. ನಾವೂ ಮರೆತಿದ್ದೆವು.

ಆ ಬಳಿಕ ಅಪ್ಪನು ನಾಲ್ಕೂ ಚಕ್ರದ ಲೈನಿಂಗು ಹೊಸದು ಹಾಕಿಸಿದನು. ಡ್ರಮ್ಮುಗಳನ್ನು ಲೇತಿಗೆ ಕೊಟ್ಟು ಸಮ ಮಾಡಿಸಿದನು. ಬ್ರೇಕಿಗೆ ಸರ್ವೋ ಕೂರಿಸಿದನು. ಭಾರಕ್ಕೆ ಕುಸಿದಿದ್ದ ಮುಂದಿನ ಟಾರ್ಷನ್ ಬಾರನ್ನು ಸರಿಪಡಿಸಿದನು. ಇದಕ್ಕೆ ಆದ ಖರ್ಚು ಎಂಜಿನ್ನಿಗೆ ಆದದ್ದರ ಕಾಲುಭಾಗವೂ ಇರಲಿಲ್ಲ. ಏರುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರು ಎಂಬ ಡ್ರೈವರರ ಹಳೆಯ ನಿಯಮವನ್ನು ಅವನು ಮತ್ತೆಂದೂ ಮೀರಲಿಲ್ಲ. ೨೦೦೬ರಲ್ಲಿ ಕಾರನ್ನು ಮಾರುವಾಗ ಕೊಳ್ಳಬಂದವನು ಎಂಜಿನ್ನಿನ ವಿಚಾರವನ್ನೇ ಕೇಳುತ್ತಿದ್ದನು. ಅಪ್ಪ ಅವನನ್ನು ಕೂರಿಸಿಕೊಂಡು ಹೋಗಿ ಮೊದಲು ಬ್ರೇಕು ಒತ್ತಿ ತೋರಿಸಿದನು.

ಈಗ ಕಾಲ ಬದಲಾಗಿದೆ. ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಕಲಮಿನ ಪ್ರಕಾರ, ಕಂಪನಿಯು ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗಿ ಗಾಡಿಯನ್ನು ಬದಲಿಸುವಂತಿಲ್ಲ. ೨೦೧೯ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿಯಿತು. ಗ್ಯಾಸು, ಬ್ಯಾಟರಿ ಮೊದಲಾದ ಬೇರೆ ಇಂಧನಕ್ಕೆ ಗಾಡಿಯನ್ನು ಹೊಂದಿಸಲು ನಿಯಮಗಳಿಗೆ ಒಳಪಟ್ಟು ಅವಕಾಶವುಂಟು. ಅದನ್ನೂ ಒಪ್ಪಿಗೆ ಪಡೆದ ಕಿಟ್ಟಿನಿಂದ, ಕಚೇರಿಯಲ್ಲಿ ನಮೂದಿಸಿಯೇ ಮಾಡಬೇಕು. ಹಾಗೆ ಮಾಡದಿದ್ದರೆ ಅಪಘಾತವಾದಾಗ ವಿಮೆಯ ಹಣಕ್ಕೂ ತಕರಾರು ಬಂದೀತು.

ನಿಮ್ಮ ಅಂಗಳದಲ್ಲಿ ಇನ್ನೂ ಒಂದು ಹಳೆಯ ಕಾರು ನಿಂತಿದ್ದರೆ, ಅದಕ್ಕೆ ಬಲ ಸಾಲದೆಂದು ನಿಮಗೆ ತೋರಿದರೆ, ಮೊದಲು ಅದರ ಕಾಯಿಲೆಯನ್ನು ಸರಿಯಾಗಿ ಹುಡುಕಿಸಿರಿ. ಟೈರಿನಲ್ಲ��� ಗಾಳಿ ಸರಿಯಿದೆಯೆ, ಬ್ರೇಕು ಚಕ್ರವನ್ನು ಹಿಡಿದುಕೊಂಡಿದೆಯೆ, ಕ್ಲಚ್ಚು ಜಾರುತ್ತಿದೆಯೆ, ಏರ್ ಫಿಲ್ಟರು ಕಟ್ಟಿದೆಯೆ, ವಾಲ್ವು ಸವೆದಿದೆಯೆ ಎಂದು ನೋಡಿಸಿರಿ. ಎಷ್ಟೋ ಸಲ ಕಳೆದುಹೋದ ಬಲ ಇಲ್ಲಿಯೇ ಸಿಕ್ಕುತ್ತದೆ. ಆಮೇಲೆ ಬ್ರೇಕನ್ನು ಹೊಸದರಂತೆ ಮಾಡಿಸಿರಿ. ಇಷ್ಟಾದ ಮೇಲೂ ಬಲ ಸಾಲದೆನಿಸಿದರೆ, ಮನೆಯಿಂದ ಅರ್ಧ ತಾಸು ಮೊದಲೇ ಹೊರಡಿರಿ.

ತಂಗಿಯ ಕೈ ಕೂಡಿತು. ಆದರೆ ಚಳಿಗಾಲದಲ್ಲಿ ರೊಟ್ಟಿ ಬಡಿಯುವಾಗ ಇಂದಿಗೂ ನೋಯುತ್ತದೆಂದು ಹೇಳುತ್ತಾಳೆ. ಅಪ್ಪನಿದ್ದಷ್ಟು ದಿನ ಅವಳು ಈ ಮಾತನ್ನು ಅವನೆದುರಿಗೆ ಒಮ್ಮೆಯೂ ಆಡಲಿಲ್ಲ.